ಪಂದ್ಯ ಮುಗಿದ ಮೇಲೆ

ಪೊದ್ಹೊರಾ
ಭಾನುವಾರ, ನವೆಂಬರ್ 9, 2014

ನನ್ನ ಸ್ಲಾವ್ಕಾ,

ಕೊಶಿತ್ಸೆಯಲ್ಲಿ ನೀನು ಆರಾಮಾಗಿದ್ದೀ, ಶಿಶುವಿಹಾರದ ಮಕ್ಕಳು ನಿನ್ನ ಗಂಟಲನ್ನು ಇನ್ನೂ ಪೂರ್ತಿ ತಿಂದುಹಾಕಿಲ್ಲ ಎಂದುಕೊಂಡು ಬರೆಯಲು ಕೂತಿದ್ದೇನೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸೊಂಟದ ನೋವಿತ್ತು, ಚಳಿಗಾಲಕ್ಕೆ ಸೌದೆ ಒಡೆಯುವುದಿತ್ತು, ಹೀಗೆ ಒಂದೊಂದು ವಾರಕ್ಕೆ ಒಂದೊಂದು ನೆಪ. ಫೋನ್ ಮಾಡಿದರೆ ನೀನು ಬೇಗ ಇಟ್ಟುಬಿಡುತ್ತೀ. ಕಾಗದವನ್ನಾದರೆ ಪೂರ್ತಿ ಓದುತ್ತೀಯೇನೋ.

ಎಲ್ಲ ಸಂತರ ಹಬ್ಬದ ದಿನ ನಿನ್ನ ಅಮ್ಮನ ಸಮಾಧಿಗೆ ಹೋಗಿದ್ದೆ. ನಾನು ಹೋಗುವ ಮುಂಚೆಯೇ ಅಲ್ಲಿ ಬಿಳಿ ಸೇವಂತಿಗೆ ಇತ್ತು, ದೀಪ ಉರಿಯುತ್ತಿತ್ತು. ಅಷ್ಟು ದೂರ ಬಂದವಳು ಮನೆಗೂ ಬಂದಿದ್ದರೆ ಬಿಸಿ ಸೂಪು ಇತ್ತು. ಇರಲಿ, ಇದು ದೂರಲ್ಲ. ಮಾರ್ಚ್‌ನಿಂದ ನೀನು ಒಮ್ಮೆಯೂ ಈ ಮನೆಯ ಬಾಗಿಲು ದಾಟಿಲ್ಲ. ಯಾಕೆ ಎಂದು ನಾನು ಕೇಳುವುದಿಲ್ಲ. ಕೇಳಬೇಕಾಗಿರುವುದು ಬೇರೆ ಒಂದಿದೆ, ಅದಕ್ಕೇ ಈ ಕಾಗದ.

ನಮ್ಮ ಮನೆಯಲ್ಲಿ 'ಪಂದ್ಯ ಮುಗಿದ ಮೇಲೆ' ಎನ್ನುವುದು ಯಾವಾಗ ಶುರುವಾಯಿತು? ಯಾರು ಶುರುಮಾಡಿದರು?

ನಗಬೇಡ. ಅಮ್ಮ ಹೋದ ಮೇಲೆ ಒಬ್ಬನೇ ಕೂತು ಒಂದೊಂದನ್ನೇ ಯೋಚಿಸುತ್ತಿರುತ್ತೇನೆ. ಐಸ್ ಹಾಕಿ ಪಂದ್ಯದ ದಿನ ಗೋಲ್‌ಕೀಪರ್‌ಗೆ, ಅಂದರೆ ನನಗೆ, ಯಾವ ಸುದ್ದಿಯನ್ನೂ ಹೇಳಬಾರದು, ಒಳ್ಳೆಯದನ್ನೂ ಕೆಟ್ಟದ್ದನ್ನೂ. ಇದು ನಮ್ಮ ಮನೆಯಲ್ಲಿ ಬೆಳಗಾದರೆ ಸೂರ್ಯ ಹುಟ್ಟುವಷ್ಟು ಸಹಜವಾಗಿತ್ತು. ಬೆಳಿಗ್ಗೆ ಎದ್ದರೆ ಫೋನಿನ ರಿಸೀವರ್ ಮೇಜಿನ ಮೇಲೆ ಅಂಗಾತ ಮಲಗಿರುತ್ತಿತ್ತು. ಹನ್ನೊಂದು ಗಂಟೆಗೆ ಗಸಗಸೆ ಹಾಕಿದ ಹಿಟ್ಟಿನ ಕಡುಬು, ಆಮೇಲೆ ನಿದ್ದೆ, ಮೂರು ಗಂಟೆಗೆ ಬ್ಯಾಗು ಹೆಗಲಿಗೇರಿಸಿ ಹೊರಟರೆ ಅಮ್ಮ ಕೋಟಿನ ಕಾಲರ್ ಸರಿಮಾಡಿ ಬಾಗಿಲು ತೆಗೆಯುತ್ತಿದ್ದಳು. ಮಾತಿಲ್ಲ. ಬೀದಿಯವರಿಗೂ ಅದು ಗೊತ್ತಿತ್ತು. ಅಂಚೆಯವನು ತಂತಿಯನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತಿದ್ದ.

ನೆಲಮಾಳಿಗೆಗೆ ನೀರು ನುಗ್ಗಿದ್ದು ನೆನಪಿದೆಯಾ? ನಾನು ಮೇಲೆ ಕೂತು ಕಡುಬು ತಿನ್ನುತ್ತಿದ್ದೇನೆ, ಕೆಳಗೆ ಇಡೀ ಚಳಿಗಾಲದ ಆಲೂಗಡ್ಡೆ ತೇಲುತ್ತಿದೆ. ಅಮ್ಮ ಮೊಣಕಾಲವರೆಗೆ ಒದ್ದೆಯಾದ ಕಾಲುಚೀಲದಲ್ಲೇ ಬಂದು ನನಗೆ ಇನ್ನೊಂದು ಚಮಚ ಬೆಣ್ಣೆ ಹಾಕಿ ಹೋದಳು. ನಾನು ನೋಡಲಿಲ್ಲ. ಗೆದ್ದು ಬಂದಾಗ ಅಕ್ಕಪಕ್ಕದವರೆಲ್ಲ ಬಕೆಟ್ ಹಿಡಿದು ಸಾಲಾಗಿ ನಿಂತಿದ್ದರು. "ಎಷ್ಟಕ್ಕೆ ಎಷ್ಟು ವೆಂದೊ?" ಅಂದರು. "ಎರಡು ಸೊನ್ನೆ" ಅಂದೆ. "ಹಂಗಾದ್ರೆ ತಗೋ ಬಕೆಟ್ಟು" ಅಂದರು.

ನಿನ್ನ ಕೈ ಮುರಿದದ್ದೂ ಹಾಗೆಯೇ. ನಿನಗೆ ಏಳು ವರ್ಷ. ಜಾರುಬಂಡಿಯಿಂದ ಬಿದ್ದು ಬಂದು, ಊಟದ ಮೇಜಿನಲ್ಲಿ ಎಡಗೈಯಲ್ಲಿ ಸೂಪು ಕುಡಿದೆಯಂತೆ, ಒಂದು ಹನಿ ಕಣ್ಣೀರಿಲ್ಲದೆ. ನಾನು ಹೊರಟ ಮೇಲೆ ಅಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಾತ್ರಿ ಬಂದರೆ ನಿನ್ನ ಕೈಗೆ ಬಿಳಿ ಪ್ಲಾಸ್ಟರು. "ಅಪ್ಪಂಗೆ ಗೊತ್ತೇ ಆಗ್ಲಿಲ್ಲ" ಎಂದು ನೀನು ಬಹುಮಾನ ಗೆದ್ದವಳ ಹಾಗೆ ಕುಣಿದೆ. ಎಷ್ಟು ಹುಟ್ಟುಹಬ್ಬಗಳಲ್ಲಿ ಈ ಕಥೆ ಹೇಳಿ ನಕ್ಕಿದ್ದೇವೆ. ಮೊನ್ನೆ ಪಾತ್ರೆ ತೊಳೆಯುವಾಗ ಅದೇ ನೆನಪಾಗಿ, ಯಾಕೋ ನಗು ಬರಲಿಲ್ಲ. ಏಳು ವರ್ಷದ ಮಗುವಿಗೆ ಅದನ್ನು ಯಾರು ಕಲಿಸಿದರು ಎಂಬ ಕುತೂಹಲ ಹುಟ್ಟಿತು.

ಹಿಂದಕ್ಕೆ ಹೋಗಿ ಹುಡುಕುತ್ತಿದ್ದೇನೆ. ಚಿಕ್ಕವನಿದ್ದಾಗ ಹೆಪ್ಪುಗಟ್ಟಿದ ಮೀನಿನ ಕೆರೆಯ ಮೇಲೆ ಆಡುವಾಗ ಈ ನಿಯಮ ಇರಲಿಲ್ಲ, ಅದು ಖಂಡಿತ. ಅಣ್ಣನ ಹಳೇ ಸ್ಕೇಟು ನನಗೆ ಎರಡು ಅಳತೆ ದೊಡ್ಡದು, ಓಡಲು ಆಗುವುದಿಲ್ಲ, ಅದಕ್ಕೇ ನನ್ನನ್ನು ಗೋಲಿನಲ್ಲಿ ನಿಲ್ಲಿಸಿದರು. ನಾನು ಗೋಲ್‌ಕೀಪರ್ ಆದದ್ದಕ್ಕೆ ಬೇರೆ ಕಾರಣವೇ ಇಲ್ಲ. ನಿನ್ನ ಅಜ್ಜಿ ದಡದಿಂದ ಕೂಗುತ್ತಿದ್ದಳು: "ವೆಂದೆಲೀನ್, ಹಂದಿಗೆ ಹಾಕಿದ್ಯೇನೋ?" ನಾನು "ಹಾಕ್ದೆ" ಎನ್ನುತ್ತಲೇ ಆ ರಬ್ಬರ್ ಬಿಲ್ಲೆ, ಪಕ್, ತಡೆಯುತ್ತಿದ್ದೆ. ಹಂದಿಯ ಚಿಂತೆಯಿಂದ ಒಂದು ಗೋಲೂ ಹೋಗಿರಲಿಲ್ಲ.

ಲೇತ್ ಕೆಲಸ ಕಲಿಯುತ್ತ ತಂಡದಲ್ಲಿ ಎರಡನೇ ಗೋಲ್‌ಕೀಪರ್ ಆಗಿದ್ದ ವರ್ಷಗಳಲ್ಲೂ ಇರಲಿಲ್ಲ. ಎರಡನೆಯವನ ಕೆಲಸ ಬೆಂಚಿನ ಬಾಗಿಲು ತೆಗೆಯುವುದು, ಮುಚ್ಚುವುದು, ಉಳಿದವರಿಗೆ ನೀರು ಕೊಡುವುದು. ಅವನಿಗೆ ಏನು ಗೊತ್ತಿದ್ದರೆ ಯಾರಿಗೇನು. ಫಿನ್‌ಲ್ಯಾಂಡಿನಲ್ಲಿ ಆಡಿದ ವರ್ಷ ಹೇಳುವವರೇ ಇರಲಿಲ್ಲ. ಹಾಗಾದರೆ ಅಲ್ಲಿಂದ ಬಂದು ಮೊದಲನೇ ಗೋಲ್‌ಕೀಪರ್ ಆದ ಮೇಲೆ, ನಿನ್ನ ಕೈ ಮುರಿಯುವ ಮುಂಚೆ, ಎಲ್ಲೋ ನಡುವೆ ಯಾರೋ ಒಬ್ಬರು ಮೊದಲ ಸಲ ಹೇಳಿರಬೇಕು. ಇಪ್ಪತ್ತೆರಡು ವರ್ಷ ಈ ಊರಿನ ಗೋಲಿನಲ್ಲಿ ನಿಂತೆ, ಈಗ ಹೊಸ ಗೋಲ್‌ಕೀಪರ್‌ಗಳಿಗೆ ನಿಲ್ಲುವುದನ್ನು ಹೇಳಿಕೊಡುತ್ತೇನೆ, ಆ ನಿಯಮ ಮಾತ್ರ ನನ್ನ ಜೊತೆಗೇ ನಿವೃತ್ತಿಯಾಗಲಿಲ್ಲ. ಅಮ್ಮ ಹೋದ ದಿನವೂ ಪಂದ್ಯವಿತ್ತು.

ನಿನಗೆ ಏನಾದರೂ ನೆನಪಿದ್ದರೆ ಬರೆ. ಅಮ್ಮ ನಿನಗೆ ಅದನ್ನು ಹೇಗೆ ಹೇಳಿದ್ದಳು? ಬೈದು ಹೇಳಿದಳಾ, ಕಥೆಯ ಹಾಗೆ ಹೇಳಿದಳಾ? ತಿಳಿದುಕೊಳ್ಳುವ ಆಸೆ, ಅಷ್ಟೇ.

ಬೆಚ್ಚಗಿರು. ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಪ್ಪ,
ವೆಂದೆಲೀನ್


ಪೊದ್ಹೊರಾ
ಭಾನುವಾರ, ಡಿಸೆಂಬರ್ 14

ನನ್ನ ಸ್ಲಾವ್ಕಾ,

ಸಂತ ಮಿಕುಲಾಷ್‌ನ ಹಬ್ಬಕ್ಕೆ ನೀನು ಕಳಿಸಿದ ಕಾರ್ಡು ಬಂತು. "ನೆನಪಿಲ್ಲ ಅಪ್ಪ. ಕೆಲಸ ಜಾಸ್ತಿ ಇದೆ." ಇಷ್ಟೇ ಇದ್ದರೂ ನಿನ್ನ ಕೈಬರಹ ನೋಡಿ ಖುಷಿಯಾಯಿತು. ಕಾರ್ಡನ್ನು ಬ್ರೆಡ್ಡಿನ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. ಉತ್ತರ ಬರೆಯಲು ಮತ್ತೆ ತಡಮಾಡಿದೆ, ಯಾಕೆಂದರೆ ಬರಿಗೈಯಲ್ಲಿ ಬರೆಯಲು ಮನಸ್ಸಾಗಲಿಲ್ಲ. ಈಗ ಹೇಳಲು ಒಂದಿಷ್ಟು ಇದೆ.

ಮೊದಲು ಇಮ್ರೊನನ್ನು ಕೇಳಿದೆ. ಅವನು ಈಗಲೂ ತಂಡದ ಸಾಮಾನು ನೋಡಿಕೊಳ್ಳುತ್ತಾನೆ, ಅದೇ ಕೋಣೆ, ಅದೇ ಒದ್ದೆ ಚರ್ಮದ ವಾಸನೆ. ಸ್ಕೇಟು ಹರಿತ ಮಾಡುತ್ತ ಕೂತಿದ್ದ.

"ಇಮ್ರೊ, ಪಂದ್ಯದ ದಿನ ನಂಗೆ ಏನೂ ಹೇಳಬಾರ್ದು ಅಂತ ಮಾಡಿದ್ದು ಯಾರು?"

"ನೀನೇ ಕಣೋ."

"ನಾನಾ? ಯಾವಾಗ?"

ಯಂತ್ರ ನಿಲ್ಲಿಸಿ ಯೋಚಿಸಿದ. "ನೀನಲ್ಲದಿದ್ರೆ ಹಳೇ ಕೋಚ್ ಮೇಷ್ಟ್ರು. ಅವ್ರೂ ಅಲ್ಲದಿದ್ರೆ ನಿನ್ನ ಹೆಂಡತಿ ಗಿಜೆಲಾ. ಈಗ್ಯಾಕೋ ಅದು? ಯಾರ ಮೇಲಾದ್ರೂ ಕೇಸ್ ಹಾಕ್ತೀಯಾ?"

"ಸುಮ್ನೆ ತಿಳ್ಕೊಳ್ಳೋಣ ಅಂತ."

"ಸುಮ್ನೆ ತಿಳ್ಕೊಳ್ಳೋ ವಯಸ್ಸಾ ಇದು? ಹೋಗಿ ಟೀ ಕುಡಿ. ಒಟೀಲಿಯಾನ ಕೇಳು. ಗಿಜೆಲಾ ಇಪ್ಪತ್ತು ವರ್ಷ ಅವಳ ಹತ್ರ ತಾನೇ ನಿಂತಿದ್ದಿದ್ದು?"

ಆ ಮಾತು ನನಗೆ ಅರ್ಥವಾಗಲಿಲ್ಲ. ಅಮ್ಮ ಕೂರುತ್ತಿದ್ದದ್ದು ಸಿ ವಿಭಾಗದಲ್ಲಿ, ನಾಲ್ಕನೇ ಸಾಲಿನ ತುದಿಯಲ್ಲಿ. ಆ ಟಿಕೆಟನ್ನು ಪ್ರತಿ ವರ್ಷ ಕ್ಲಬ್ಬಿನವರು ನನ್ನ ಕೈಗೇ ಕೊಡುತ್ತಿದ್ದರು. ಗೆದ್ದಾಗಲೆಲ್ಲ ನಾನು ಮುಖವಾಡ ತೆಗೆದು ಆ ಕಡೆಗೆ ಕೋಲು ಎತ್ತುತ್ತಿದ್ದೆ. ಬೆಳಕು ಕಣ್ಣಿಗೆ ಹೊಡೆಯುತ್ತದೆ, ಬೆವರು ಇಳಿಯುತ್ತಿರುತ್ತದೆ, ಮುಖ ಕಾಣುವುದಿಲ್ಲ. ಆದರೆ ಅಲ್ಲಿಂದ ಯಾರೋ ಕೈ ಬೀಸುತ್ತಿದ್ದರು.

ಒಟೀಲಿಯಾ ಗೊತ್ತಲ್ಲ, ಸ್ಟೇಡಿಯಮ್ಮಿನ ಹಿಂದಿನ ಮೊಗಸಾಲೆಯಲ್ಲಿ ರಮ್ ಹಾಕಿದ ಟೀ ಮಾರುವವಳು. ನನ್ನನ್ನು ನೋಡಿ, ಕೇಳದೆಯೇ ಒಂದು ಲೋಟ ಮುಂದಿಟ್ಟಳು.

"ಗಿಜೆಲಾ ಇಲ್ಲಿ ನಿಲ್ತಿದ್ಳಾ?" ಅಂದೆ.

"ನಿಂಗೆ ಗೊತ್ತಿರ್ಲಿಲ್ವಾ ಮಾರಾಯ? ಇಲ್ಲೇ, ಈ ಸಿಂಕಿನ ಮುಂದೆ. ಐಸ್ ಕಡೆಗೆ ಬೆನ್ನು ಮಾಡಿ ಲೋಟ ತೊಳೀತಿದ್ಳು. ನಂಗಂತೂ ಒಳ್ಳೇದೇ ಆಯ್ತು, ಸಂಬಳ ಇಲ್ದೆ ಒಬ್ಳು ಸಿಕ್ಕಿದ್ಳು."

"ನೋಡ್ತಿರ್ಲಿಲ್ವಾ?"

"ಒಂದು ಸಲಾನೂ ಇಲ್ಲ. ತಾನು ನೋಡಿದ್ರೆ ಗೋಲು ಹೋಗುತ್ತೆ ಅಂತ. ಕಿವೀಲೇ ಎಲ್ಲಾ ಆಗ್ತಿತ್ತು ಅವಳಿಗೆ. 'ಈಗ ಎಡಗಡೆ ಕಂಬಕ್ಕೆ ಬಡೀತು' ಅನ್ನೋಳು. 'ಈಗ ಮಲ್ಕೊಂಡು ಹಿಡಿದ' ಅನ್ನೋಳು. ನಾನು ಇಣುಕಿ ನೋಡಿದ್ರೆ ಹಂಗೇ ಇರ್ತಿತ್ತು. ಜನ ಹೋ ಅಂದಾಗ ಲೋಟ ಕೆಳಗಿಡೋಳು. ಸುಮ್ನಾದ್ರೆ ಇನ್ನೊಂದು ಲೋಟ ತಗೊಳ್ಳೋಳು."

"ಹಂಗಾದ್ರೆ ಸಿ ವಿಭಾಗದಲ್ಲಿ ಕೈ ಬೀಸ್ತಿದ್ದೋರು ಯಾರು?"

ಒಟೀಲಿಯಾ ನಕ್ಕಳು, ಆಮೇಲೆ ನಗಬಾರದಿತ್ತೆಂದು ಬಾಯಿಗೆ ಏಪ್ರನ್ ಒತ್ತಿಕೊಂಡಳು. ಅಮ್ಮ ಆ ಟಿಕೆಟನ್ನು ಮೊದಲ ವರ್ಷವೇ ಮಾಂಸದಂಗಡಿಯ ಗರ್ದೊಷ್‌ಗೆ ಕೊಟ್ಟಿದ್ದಳಂತೆ. ಅವನು ನೂರೈವತ್ತು ಕಿಲೋ ಆಳು. ನಾನು ಕೋಲು ಎತ್ತುತ್ತಿದ್ದದ್ದು ತನಗೇ ಎಂದು ಪಾಪ ಪೂರ್ತಿ ನಂಬಿದ್ದ. ಶನಿವಾರ ಶನಿವಾರ ಮನೆಗೆ ಸಾಸೇಜು ಬರುತ್ತಿತ್ತಲ್ಲ, ಕ್ಲಬ್ಬಿನಿಂದ ಎಂದು ನಾನು ಅಂದುಕೊಂಡಿದ್ದೆ. ಅದು ಗರ್ದೊಷ್ ಕಳಿಸುತ್ತಿದ್ದದ್ದು. "ನಮ್ಮ ವೆಂದೊ ನನ್ನ ಮರೆಯೋನಲ್ಲ" ಎಂದು ಅಂಗಡಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದನಂತೆ.

ಮೊನ್ನೆ ಅವನ ಅಂಗಡಿಗೆ ಹೋಗಿ ಏನೂ ಹೇಳದೆ ಸಾಸೇಜು ಕೊಂಡು ಬಂದೆ. ಕೈ ಕುಲುಕಿದ. ಎಲ್ಲ ಹೇಳಬೇಕೆನಿಸಿತು, ಆದರೆ ಅಷ್ಟು ದೊಡ್ಡ ಮನುಷ್ಯನ ಮುಖ ಸಣ್ಣದಾಗುವುದನ್ನು ನೋಡುವ ಧೈರ್ಯ ಬರಲಿಲ್ಲ. ನಾನೂ ಒಂದು ಸುದ್ದಿ ಮುಚ್ಚಿಟ್ಟೆ ನೋಡು. ಎಷ್ಟು ಸುಲಭವಾಗಿ ಆಗಿಬಿಡುತ್ತದೆ ಅದು.

ಆಮೇಲಿನ ಪಂದ್ಯಕ್ಕೆ ನಾನು ತರಬೇತುದಾರರ ಪೆಟ್ಟಿಗೆಯಲ್ಲಿ ಕೂರಲಿಲ್ಲ. ಒಟೀಲಿಯಾಳ ಸಿಂಕಿನ ಮುಂದೆ, ಐಸಿಗೆ ಬೆನ್ನು ಹಾಕಿ ನಿಂತೆ. ಅಮ್ಮನಿಗೆ ಏನು ಕೇಳಿಸುತ್ತಿತ್ತು ಎಂದು ತಿಳಿಯಬೇಕಿತ್ತು. ಇಪ್ಪತ್ತೆರಡು ವರ್ಷ ನಾನು ಕೇಳಿದ ಸದ್ದೇ ಅದು, ಆದರೆ ಗೋಲಿನ ಒಳಗಿಂದ. ಅಲ್ಲಿ ಮೊದಲು ಕೇಳುವುದು ನನ್ನದೇ ಉಸಿರು, ಮುಖವಾಡದ ಒಳಗೆ. ಆಟ ಶುರುವಾಗುವ ಮುಂಚೆ ಕಾಲು ಜಾರದಿರಲೆಂದು ಗೋಲಿನ ಮುಂದಿನ ನೀಲಿ ಜಾಗವನ್ನು ಸ್ಕೇಟಿನಿಂದ ಕೆರೆದು ಒರಟು ಮಾಡಿಕೊಳ್ಳುತ್ತೇವಲ್ಲ, ಆ ಕರಕರ ಸದ್ದು. ಉಳಿದ ಆಟಗಾರರು ಒಂದು ನಿಮಿಷ ಓಡಿ ಬೆಂಚಿಗೆ ಬಂದು ಕೂತು ಒಬ್ಬರಿಗೊಬ್ಬರು ಬೈದುಕೊಳ್ಳುತ್ತಾರೆ. ನನಗೆ ಮಾತಾಡಲು ಎರಡು ಕಬ್ಬಿಣದ ಕಂಬಗಳು. ಹೊರಗೆ, ಸಿಂಕಿನ ಹತ್ತಿರ, ಇದ್ಯಾವುದೂ ಕೇಳಿಸುವುದಿಲ್ಲ. ಅಲ್ಲಿ ಜನ ಮಾತ್ರ ಕೇಳಿಸುತ್ತಾರೆ. ಜನ ಉಸಿರು ಒಳಗೆಳೆದುಕೊಳ್ಳುವುದು ಕೇಳಿಸುತ್ತದೆ. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆ ಒಂದು ಕ್ಷಣದಲ್ಲಿ ಕೈಯಲ್ಲಿದ್ದ ಲೋಟ ಸಿಂಕಿಗೆ ಬಿತ್ತು. ಗೋಲಿನಲ್ಲಿ ನಿಂತಾಗ ನನಗೆ ಒಮ್ಮೆಯೂ ಅಷ್ಟು ಭಯವಾಗಿರಲಿಲ್ಲ. ಪಕ್ ಬರುತ್ತಿರುವುದು ನನಗೆ ಕಾಣುತ್ತಿತ್ತು. ಅವಳಿಗೆ ಕಾಣುತ್ತಿರಲಿಲ್ಲ.

ಯಾರು ಶುರುಮಾಡಿದ್ದು ಎಂದು ಒಟೀಲಿಯಾಳನ್ನೂ ಕೇಳಿದೆ. "ಗಿಜೆಲಾ ಹೇಳ್ತಿದ್ಳು, ವೆಂದೊ ಹಂಗೆ ಬಯಸ್ತಾನೆ ಅಂತ. ನೀನು ಬಾಯಿ ಬಿಟ್ಟು ಹೇಳಿದ್ಯೋ ಅವಳೇ ಅಂದ್ಕೊಂಡ್ಳೋ ನಂಗೇನು ಗೊತ್ತು" ಎಂದಳು. ನಾನು ಹೇಳಿದ್ದು ನನಗೆ ನೆನಪಿಲ್ಲ. ಹೇಳಿಲ್ಲವೆಂದು ಆಣೆ ಮಾಡಲೂ ಆಗುತ್ತಿಲ್ಲ.

ಕ್ರಿಸ್‌ಮಸ್ ಸಂಜೆಗೆ ಬಾ. ಕಾರ್ಪ್ ಮೀನು ಹೇಳಿದ್ದೇನೆ. ಹುಳಿ ಎಲೆಕೋಸಿನ ಸಾರನ್ನು ಅಮ್ಮನ ಹಾಗೆ ಮಾಡಲು ಬರುವುದಿಲ್ಲ, ಆದರೂ ಒಣ ಅಣಬೆ ಸಿಕ್ಕಿದೆ. ಆ ದಿನ ಪಂದ್ಯವಿಲ್ಲ.

ಅಪ್ಪ


ಪೊದ್ಹೊರಾ
ಸೋಮವಾರ, ಜನವರಿ 19, 2015

ನನ್ನ ಸ್ಲಾವ್ಕಾ,

ಹೊಸ ವರ್ಷ ನಿನಗೆ ಒಳ್ಳೆಯದನ್ನೇ ತರಲಿ. ಇದನ್ನು ಮೊದಲ ವಾರದಲ್ಲೇ ಬರೆಯಬೇಕಿತ್ತು. ಜ್ವರ ಬಂದಿದೆ, ಕ್ರಿಸ್‌ಮಸ್‌ಗೆ ಬರಲಾಗುವುದಿಲ್ಲ ಎಂದು ನೀನು ತಿಳಿಸಿದೆ. ಮೂರು ತಟ್ಟೆ ಇಟ್ಟಿದ್ದೆ. ಒಂದು ನನಗೆ, ಒಂದು ನಿನಗೆ, ಒಂದು ದಾರಿಹೋಕರು ಬಂದರೆ ಎಂದು ವಾಡಿಕೆಯಂತೆ ಇಡುವುದು. ಕೊನೆಗೆ ಇಮ್ರೊ ಬಂದು ಎರಡು ತಟ್ಟೆಯದನ್ನೂ ತಿಂದ. "ಮೀನು ಉಪ್ಪಾಯ್ತು" ಎಂದು ದೂರುತ್ತಲೇ ಮೂಳೆಯನ್ನೂ ಬಿಡಲಿಲ್ಲ. ಜ್ವರ ಈಗ ಪೂರ್ತಿ ಬಿಟ್ಟಿದೆಯಾ?

ನಿನ್ನೆ ನಡೆದದ್ದನ್ನು ನಿನಗೆ ಹೇಳಲೇಬೇಕು. ಹಾಳೆ ಎಷ್ಟಾದರೂ ಆಗಲಿ.

ಈಗ ನಮ್ಮ ಗೋಲಿನಲ್ಲಿ ನಿಲ್ಲುವವನು ರಾಯ್ವಿಸ್, ಲಾತ್ವಿಯಾದವನು. ಒಳ್ಳೆಯ ಆಟಗಾರ, ಎಡ ಮೊಣಕಾಲು ಮಾತ್ರ ಸೋಮಾರಿ. ಅವನ ಹೆಂಡತಿ ಇನೆಸೆ ರಿಗಾದಲ್ಲಿ ತಾಯಿಯ ಮನೆಯಲ್ಲಿದ್ದಳು, ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು. ನಿನ್ನೆ ಮಧ್ಯಾಹ್ನ ಕ್ಲಬ್ಬಿನ ಕಚೇರಿಗೆ ಅವಳ ತಾಯಿ ಫೋನ್ ಮಾಡಿದ್ದಾಳೆ. ಮಗು ಅವಧಿಗೆ ಮುಂಚೆ ಹುಟ್ಟಿಬಿಟ್ಟಿದೆ, ಹೆಣ್ಣು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ವೈದ್ಯರು ಏನೂ ಹೇಳುತ್ತಿಲ್ಲ. ಪಂದ್ಯ ಐದು ಗಂಟೆಗೆ.

ತರಬೇತುದಾರ ನಮ್ಮನ್ನು ಕೋಣೆಗೆ ಕರೆದು ಬಾಗಿಲು ಹಾಕಿದ. ಅವನು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು, ಕೆಟ್ಟವನಲ್ಲ.

"ಪಂದ್ಯ ಮುಗಿದ ಮೇಲೆ ಹೇಳೋಣ," ಅಂದ. "ಹೇಗೂ ಇವತ್ತು ವಿಮಾನ ಇಲ್ಲ. ಈಗ ಹೇಳಿ ಅವನ ತಲೆ ಕೆಡಿಸಿದ್ರೆ ಯಾರಿಗೆ ಲಾಭ? ವೆಂದೆಲೀನ್ ಅವ್ರೇ, ಇದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಇಮ್ರೊ ತಲೆಯಾಡಿಸಿದ. ಎಲ್ಲರೂ ನನ್ನ ಕಡೆ ನೋಡಿದರು. ಆ ನಿಯಮದ ಮಾದರಿ ಮನುಷ್ಯ ನಾನೇ ತಾನೆ.

"ಅವನ್ನ ಯಾರಾದ್ರೂ ಕೇಳಿದ್ರಾ?" ಅಂದೆ.

"ಏನಂತ?"

"ಪಂದ್ಯದ ದಿನ ಸುದ್ದಿ ಬಂದ್ರೆ ಹೇಳ್ಬೇಕಾ ಬೇಡ್ವಾ ಅಂತ."

"ಅದನ್ನ ಕೇಳೋದೇನು ಬಂತು?" ಅಂದ ತರಬೇತುದಾರ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ನಾನು ಎದ್ದು ಹೊರಗೆ ಬಂದೆ. ಇಮ್ರೊ ಹಿಂದೆಯೇ ಬಂದು ನನ್ನ ತೋಳು ಹಿಡಿದ. "ವೆಂದೊ, ಬೇಡ ಕಣೋ. ಸೋತ್ರೆ ನಿನ್ನ ತಲೆ ಮೇಲೆ ಹಾಕ್ತಾರೆ." ತೋಳು ಬಿಡಿಸಿಕೊಂಡು ಹೋದೆ.

ರಾಯ್ವಿಸ್ ಮೊಗಸಾಲೆಯಲ್ಲಿ ಒಬ್ಬನೇ ನಿಂತು ಎರಡು ಟೆನಿಸ್ ಚೆಂಡುಗಳನ್ನು ಗೋಡೆಗೆ ಹೊಡೆದು ಹಿಡಿಯುತ್ತಿದ್ದ, ಕಣ್ಣು ಪಳಗಲೆಂದು. ಆ ಹೊತ್ತಿನಲ್ಲಿ ಗೋಲ್‌ಕೀಪರ್ ಹತ್ತಿರ ಯಾರೂ ಸುಳಿಯುವುದಿಲ್ಲ. ನಾನು ಹೋಗಿ ಅವನ ಪಕ್ಕದಲ್ಲಿ ನಿಂತೆ.

"ರಾಯ್ವಿಸ್, ನಿನ್ನ ಅತ್ತೆ ಫೋನ್ ಮಾಡಿದ್ರು. ಮಗು ಹುಟ್ಟಿದೆ. ಹೆಣ್ಣು ಮಗು. ಬೇಗ ಹುಟ್ಟಿರೋದ್ರಿಂದ ಪೆಟ್ಟಿಗೇಲಿ ಇಟ್ಟಿದಾರೆ. ಇನ್ನೇನೂ ಗೊತ್ತಿಲ್ಲ ನಂಗೆ."

ಅವನು ಚೆಂಡು ಹಿಡಿಯುವುದನ್ನು ನಿಲ್ಲಿಸಲೇ ಇಲ್ಲ.

"ಗೊತ್ತು," ಅಂದ. ನಮ್ಮ ಭಾಷೆಯಲ್ಲಿ ಅವನ ಮಾತು ಇನ್ನೂ ತೊದಲು. "ಇನೆಸೆ ಬೆಳಿಗ್ಗೆ ಫೋನ್ ಮಾಡಿದಳು. ಹಾಸಿಗೆಯಿಂದಾನೇ. ಮಗು ಒಂದು ಕಿಲೋ ಮುನ್ನೂರು. ಕೂದಲು ಇದೆ. ಅತ್ತೆ ಫೋನ್ ಮಾಡಿದ್ದು ಟಿಕೆಟ್‌ಗೆ. ನಾಳೆ ವಿಮಾನಕ್ಕೆ ಟಿಕೆಟ್ ಕ್ಲಬ್ ಕೊಡಬೇಕು ಅಂತ."

"ಬೆಳಿಗ್ಗೆಯಿಂದ ಗೊತ್ತಾ? ಗೊತ್ತಿದ್ದೂ ಆಡ್ತೀಯಾ?"

"ಗೊತ್ತು, ಅದಕ್ಕೇ ಆಡ್ತೀನಿ. ಇವತ್ತು ವಿಮಾನ ಇಲ್ಲ. ರೂಮಲ್ಲಿ ಕೂತು ಏನು ಮಾಡೋದು? ಗೊತ್ತಿಲ್ದೆ ಇದ್ದಿದ್ರೆ ಕಷ್ಟ. ಎಲ್ಲರ ಮುಖ ನೋಡ್ತಾ ಇದೀನಿ. ಇಮ್ರೊ ನನ್ನ ನೋಡಿ ನೆಲ ನೋಡ್ತಾನೆ. ಮೇಷ್ಟ್ರು ಇವತ್ತು ನಂಗೆ 'ಚೆನ್ನಾಗಿದ್ದೀಯಾ' ಅಂದ್ರು. ಅವ್ರು ಯಾವತ್ತೂ ಹಂಗೆ ಅನ್ನಲ್ಲ. ಗೊತ್ತಿಲ್ದೆ ಇದ್ದಿದ್ರೆ, ನಾನೇ ಸಾಯ್ತೀನೇನೋ ಅಂದ್ಕೊಳ್ತಿದ್ದೆ."

ನಾನು ನಕ್ಕೆ. ಅವನು ನಗಲಿಲ್ಲ, ಚೆಂಡು ಹಿಡಿದು ನನ್ನತ್ತ ತಿರುಗಿದ.

"ನಿಮ್ಮ ಮನೇಲಿ ಹೇಳ್ತಿರ್ಲಿಲ್ವಾ?"

"ಪಂದ್ಯ ಮುಗಿದ ಮೇಲೆ ಹೇಳ್ತಿದ್ರು."

"ಎಲ್ಲಾನೂ?"

"ಎಲ್ಲಾನೂ."

"ಹಂಗಾದ್ರೆ ಪಂದ್ಯ ಮುಗಿದು ಮನೆಗೆ ಹೋಗೋವಾಗ ಪ್ರತಿ ಸಲ ನಿಮಗೆ ಭಯ ಆಗ್ತಿರ್ಲಿಲ್ವಾ?"

ಸ್ಲಾವ್ಕಾ, ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಆಗುತ್ತಿತ್ತು. ಮನೆಯ ತಿರುವಿನಲ್ಲಿ ಅಡುಗೆಮನೆಯ ದೀಪ ಕಂಡ ಕೂಡಲೇ ಹೆಜ್ಜೆ ನಿಧಾನವಾಗುತ್ತಿತ್ತು. ಆಟದ ದಣಿವು ಎಂದುಕೊಳ್ಳುತ್ತಿದ್ದೆ. ಬಾಗಿಲು ತೆಗೆದು, ಅಮ್ಮನ ಮುಖ ನೋಡಿ, ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆಯೇ ನನಗೆ ಗೆದ್ದದ್ದೋ ಸೋತದ್ದೋ ನೆನಪಾಗುತ್ತಿದ್ದದ್ದು.

ಪಂದ್ಯ ಸೋತೆವು, ನಾಲ್ಕು ಮೂರು. ರಾಯ್ವಿಸ್ ಚೆನ್ನಾಗಿಯೂ ಆಡಲಿಲ್ಲ, ಕೆಟ್ಟದಾಗಿಯೂ ಆಡಲಿಲ್ಲ. ಎರಡನೆಯ ಗೋಲನ್ನು ತಡೆಯಬಹುದಿತ್ತು, ಅದೇ ಎಡ ಮೊಣಕಾಲು. ನಾನು ಹೇಳಿಬಿಟ್ಟೆನೆಂದು ತರಬೇತುದಾರನಿಗೆ ಗೊತ್ತಾಗಿ, ಎಲ್ಲರೆದುರು ಕೇಳಿದ: "ಈಗ ಸಮಾಧಾನ ಆಯ್ತಾ ನಿಮಗೆ?" ರಾಯ್ವಿಸ್ ಪ್ಯಾಡು ಬಿಚ್ಚುತ್ತಿದ್ದವನು ತಲೆ ಎತ್ತಿ, "ಮೇಷ್ಟ್ರೇ, ನಾಲ್ಕನೇ ಗೋಲು ಹೋದಾಗ ನನ್ನ ಮುಂದೆ ನಮ್ಮವರೇ ಮೂರು ಜನ ನಿಂತಿದ್ರು. ಅವರಿಗೂ ಮಗು ಹುಟ್ಟಿದ್ಯಾ?" ಎಂದ. ಒಂದಿಬ್ಬರು ನಕ್ಕರು. ತರಬೇತುದಾರ ಹೊರಗೆ ಹೋದ. ನನ್ನನ್ನು ಮುಂದೆ ಕರೆಯುತ್ತಾರೋ ಇಲ್ಲವೋ ತಿಳಿಯದು. ಕರೆಯದಿದ್ದರೆ ಒಟೀಲಿಯಾಳ ಸಿಂಕು ಇದ್ದೇ ಇದೆ.

ಇವತ್ತು ಬೆಳಿಗ್ಗೆ ನಾನೇ ಅವನನ್ನು ಕಾರಿನಲ್ಲಿ ವಿಮಾನಕ್ಕೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಫೋನಿನಲ್ಲಿ ಹೆಂಡತಿಯ ಜೊತೆ ಮಾತಾಡುತ್ತಿದ್ದ. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತ ಕಾರು ಓಡಿಸಿದೆ. ಒಮ್ಮೆ ಅತ್ತ, ಒಮ್ಮೆ ನಕ್ಕ. ಎರಡೂ ಒಂದೇ ಕರೆಯಲ್ಲಿ.

ಯಾರು ಶುರುಮಾಡಿದರು ಎಂಬುದು ನನಗೆ ಕೊನೆಗೂ ಸಿಗಲಿಲ್ಲ. ಬಹುಶಃ ಯಾರೂ ಮಾಡಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಒಳ್ಳೆಯದಾಗಲೆಂದು ಸುಮ್ಮನಾದರು, ಅದನ್ನು ನೋಡಿ ಮತ್ತೊಬ್ಬರು ಸುಮ್ಮನಾದರು. ಇನ್ನು ಹುಡುಕುವುದನ್ನು ಬಿಡುತ್ತೇನೆ.

ನಿನ್ನ ಮೈ ಗಟ್ಟಿಯಾಗಿರಲಿ, ಕೈಗೆತ್ತಿಕೊಂಡ ಕೆಲಸ ಹಗುರವಾಗಲಿ, ನಿನ್ನ ಸುತ್ತ ಮಾತಾಡುವ ಜನ ಯಾವಾಗಲೂ ಇರಲಿ. ಅಮ್ಮ ಇದ್ದಿದ್ದರೆ ಹಣೆಗೆ ಮುತ್ತಿಟ್ಟು ಹೇಳುತ್ತಿದ್ದಳು, ನಾನು ದೂರದಿಂದ ಹೇಳುತ್ತಿದ್ದೇನೆ.

ನಿನ್ನ ಅಪ್ಪ,
ವೆಂದೆಲೀನ್

ಮರೆತ ಮಾತು: ಮರೆತದ್ದಲ್ಲ, ಮೂರು ಕಾಗದಗಳಲ್ಲೂ ಬರೆಯದೆ ಉಳಿಸಿಕೊಂಡದ್ದು. ಅಮ್ಮ ಹೋದ ದಿನ, ಪಂದ್ಯದ ಅಂತಿಮ ಸೈರನ್ ಆದ ಮೇಲೆ ಇಮ್ರೊ ನನಗೆ ಫೋನ್ ತಂದುಕೊಟ್ಟ. "ಅಪ್ಪ, ಅಮ್ಮ ಈಗ ಹೋದಳು" ಎಂದೆ ನೀನು. ಆಸ್ಪತ್ರೆ ಪಕ್ಕದ ಗುಡ್ಡದ ಮೇಲೆಯೇ ಇದೆ, ನಾನು ಓಡಿ ಬಂದೆ. ಅವಳ ಕೈ ಹಿಡಿದೆ. ಬಾಳೆಲ್ಲ ಮಂಜುಗಡ್ಡೆಯ ಮೇಲೆ ಕಳೆದವನು ನಾನು, ಒಂದು ಕೈ ತಣ್ಣಗಾಗಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ಅವಳು ಹೋದದ್ದು ನೀನು ಫೋನ್ ಮಾಡಿದಾಗ ಅಲ್ಲ, ಪಂದ್ಯ ನಡೆಯುತ್ತಿದ್ದಾಗ. ನೀನು ಬಾಗಿಲ ಹತ್ತಿರ ನಿಂತಿದ್ದೆ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ನನ್ನ ಮುಖ ನೋಡಲಿಲ್ಲ. ಅಂದಿನಿಂದ ಇಂದಿನವರೆಗೂ ನೋಡಿಲ್ಲ.

ನನಗೆ ಆ ಸಂಜೆಯಿಂದಲೇ ಗೊತ್ತು, ಮಗಳೇ. ನೀನು ಕಾದೆ. ನಮ್ಮ ಮನೆಯಲ್ಲಿ ಬೆಳೆದ ಯಾರೇ ಆಗಿದ್ದರೂ ಕಾಯುತ್ತಿದ್ದರು. ನಿನ್ನ ಮೇಲೆ ನನಗೆ ಕೋಪವಿಲ್ಲ. ಆದರೆ ಕೊನೆಯಲ್ಲಿ ಅವಳಿಗೆ ಎಚ್ಚರವಿತ್ತಾ? 'ಅಪ್ಪನನ್ನು ಕರಿ' ಅಂದಳಾ, 'ಪಂದ್ಯ ಮುಗಿಯಲಿ' ಅಂದಳಾ? ಯಾವುದಾದರೂ ಸರಿ, ನಾನು ತಡೆದುಕೊಳ್ಳುತ್ತೇನೆ. ನಿನ್ನೊಬ್ಬಳಿಗೆ ಗೊತ್ತಿರುವುದು ನನಗೂ ಗೊತ್ತಾಗಲಿ, ನೀನೊಬ್ಬಳೇ ಅದನ್ನು ಇಟ್ಟುಕೊಂಡಿರುವುದು ಸಾಕು.

ಶುಕ್ರವಾರ ಪಂದ್ಯವಿದೆ. ಶುಕ್ರವಾರವೇ ಫೋನ್ ಮಾಡು, ಆಟ ನಡೆಯುವಾಗ.